ಗೌರಾಮಿಯ ಅಮಾನತು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇತ್ತೀಚಿನ ವರ್ಷಗಳಲ್ಲಿ ಎದ್ದ ಪ್ರಶ್ನೆಗಳಲ್ಲೆಲ್ಲ ಗಹನವಾದದ್ದು ತ್ಯಾಗರಾಜನಗರದ ಶೀನಣ್ಣನವರ ಹಜಾರದ ಆಗ್ನೇಯ ಮೂಲೆ ಯಾರದು ಎಂಬುದು. ಮೆಟ್ರೋ ಎಲ್ಲಿ ತಿರುಗಬೇಕು, ಯಾವ ರಸ್ತೆಯ ಯಾವ ಮರ ಉಳಿಯಬೇಕು ಎಂಬಂಥ ಸಣ್ಣಪುಟ್ಟ ವಿಷಯಗಳನ್ನು ಸರ್ಕಾರಗಳು ಹೇಗೋ ಇತ್ಯರ್ಥ ಮಾಡಿಕೊಂಡವು. ಮೂಲೆಯ ವಿಷಯ ಮಾತ್ರ ಜೂನ್ ತಿಂಗಳಲ್ಲಿ ಶುರುವಾಗಿ ಮಹಾಲಯ ಅಮಾವಾಸ್ಯೆಯ ಹಿಂದಿನ ವಾರದವರೆಗೆ ಎಳೆಯಿತು.

ಮೂವತ್ತನಾಲ್ಕು ವರ್ಷಗಳಿಂದ ಆ ಮೂಲೆಯಲ್ಲಿ ಶೀನಣ್ಣನವರ ಹೆಂಡತಿ ಆಂಡಾಳ್ ನವರಾತ್ರಿಗೆ ಬೊಂಬೆ ಕೂರಿಸುತ್ತಿದ್ದರು. ವರ್ಷದ ಉಳಿದ ದಿನಗಳಲ್ಲಿ ಅಲ್ಲೊಂದು ಬೆತ್ತದ ಕುರ್ಚಿ, ಕುರ್ಚಿಯ ಮೇಲೆ ಹಳೆಯ ಪೇಪರಿನ ರಾಶಿ ಇರುತ್ತಿದ್ದವು. ಆದರೂ ಜಾಗ ಬೊಂಬೆಗಳದೇ ಎಂಬುದರಲ್ಲಿ ಯಾರಿಗೂ, ಪೇಪರಿಗೂ ಕೂಡ, ಅನುಮಾನವಿರಲಿಲ್ಲ. ಈಗ ಶೀನಣ್ಣ ಅಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ ಇಟ್ಟು ಬಗೆಬಗೆಯ ಮೀನುಗಳನ್ನು ಒಟ್ಟಿಗೆ ಸಾಕುತ್ತೇನೆಂದು ಹೊರಟಿದ್ದರು. ತೊಟ್ಟಿಯ ಮೇಲೆ ಬಿಸಿಲು ಬೀಳಬಾರದು, ಪಕ್ಕದಲ್ಲಿ ಪ್ಲಗ್ ಇರಬೇಕು, ನೀರು ತುಂಬಿದಾಗ ನೂರೈವತ್ತು ಕಿಲೋಗೂ ಮೇಲ್ಪಟ್ಟ ಭಾರ ತಡೆಯಬೇಕು. ಮೂರೂ ಒದಗುವ ಜಾಗ ಮನೆಯಲ್ಲಿ ಎರಡೇ. ಒಂದು ಈ ಮೂಲೆ. ಇನ್ನೊಂದು ಊಟದ ಮನೆಯ ಕಲ್ಲುಕಟ್ಟೆ. ಕಟ್ಟೆಯ ಮೇಲೆ ಶೀನಣ್ಣನವರ ತಾಯಿಯ ಕಾಲದ ತಾಮ್ರದ ಹಂಡೆ ಕೂತಿತ್ತು, ಹಂಡೆಯನ್ನು ಅಲುಗಿಸುವ ಮಾತನ್ನು ಆ ಮನೆಯಲ್ಲಿ ಯಾರೂ ಆಡುವುದಿಲ್ಲ. ಹಾಗಾಗಿ ಒಂದೇ.

ಆಂಡಾಳ್ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನ ದನಿಗಳನ್ನು ಕಿವಿಯಲ್ಲಿಟ್ಟುಕೊಂಡು ನಿವೃತ್ತರಾದವರು. ಗಂಡನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಈ ದನಿಗೆ ಬೇಡ ಎಂದು ಹೇಳಿ ಪ್ರಯೋಜನವಿಲ್ಲ, ಕರಾರು ಹಾಕಬಹುದು ಅಷ್ಟೆ ಎಂದು ಅವರಿಗೆ ಗೊತ್ತಾಯಿತು.

"ನವರಾತ್ರಿ ತನಕ ಇಟ್ಕೊಳ್ಳಿ," ಎಂದರು. "ಅವು ಒಂದನ್ನೊಂದು ತಿಂದ್ರೆ ಅದು ಅವುಗಳ ಕರ್ಮ, ನಾನು ಕೇಳಲ್ಲ. ನಿಮ್ಮ ಕೈಯಿಂದ ಒಂದು ಜೀವ ಹೋಯ್ತು ಅಂದ್ರೆ ಮೂಲೆ ನನ್ನ ಬೊಂಬೆಗೆ, ತೊಟ್ಟಿ ಅಂಗಡಿಗೆ ವಾಪಸ್ಸು."

"ಹೋಗದೇ ಇದ್ರೆ?"

"ಹೋಗದೇ ಇದ್ರೆ ಬೊಂಬೆ ರೂಮಲ್ಲಿ ಕೂರಿಸ್ತೀನಿ. ಅರಿಶಿನ ಕುಂಕುಮಕ್ಕೆ ಬಂದೋರು ನಿಮ್ಮ ಮಂಚದ ಮೇಲೆ ಕೂತ್ಕೊಳ್ಳಲಿ."

ಶೀನಣ್ಣ ತಕ್ಷಣ ಒಪ್ಪಿದರು. ಸೋಲುವ ಸಾಧ್ಯತೆ ಅವರಿಗೆ ಕಾಣಲಿಲ್ಲ. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಅವರು ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟಿದ್ದರು, ಅದು ಹೊಟ್ಟೆಪಾಡಿಗೆ. ಅದೇ ಮೂವತ್ತೊಂದು ವರ್ಷ ಇಡೀ ಶಾಲೆಯ ಟೈಮ್‌ಟೇಬಲ್ ಹಾಕಿದ್ದರು, ಅದು ಆತ್ಮತೃಪ್ತಿಗೆ. ನಲವತ್ತಮೂರು ಜನ ಮೇಷ್ಟ್ರುಗಳು, ಒಂದೇ ಸ್ಟಾಫ್ ರೂಮು, ಎರಡು ಫ್ಯಾನು. ಅಲ್ಲಿ ಯಾರು ಯಾರ ಎದುರು ಯಾವ ಪೀರಿಯಡ್ಡಿನಲ್ಲಿ ಬಿಡುವಾಗಿ ಕೂತರೆ ಜಗಳ ಹೆಡ್‌ಮಾಸ್ಟರರ ಕೋಣೆ ತಲುಪುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಅವರ ಕಾಲದಲ್ಲಿ ಅಲ್ಲಿ ಕೈ ಕೈ ಮಿಲಾಯಿಸಿದ್ದು ಒಂದೇ ಸಲ, ಅದೂ ಅವರು ಟೈಫಾಯ್ಡಿನಲ್ಲಿ ಮಲಗಿದ್ದಾಗ. ಇಪ್ಪತ್ತೈದು ಮೀನು ಯಾವ ಲೆಕ್ಕ.

ಮೀನಿನ ಅಂಗಡಿಯೂ ಚಾಮರಾಜಪೇಟೆಯಲ್ಲೇ ಇತ್ತು. ಅದರ ಮಾಲೀಕ ಚಲುವರಾಜು ಅವರ ಹಳೆಯ ಶಿಷ್ಯ, ಹತ್ತನೇ ಕ್ಲಾಸು ಸಿ ಸೆಕ್ಷನ್. ಗಣಿತವನ್ನು ಊಟವಾದ ಮೇಲಿನ ಪೀರಿಯಡ್ಡಿಗೆ ಹಾಕಿದ್ದರಿಂದಲೇ ತಾನು ಫೇಲಾದೆ ಎಂದು ಅವನು ಇವತ್ತಿಗೂ ನಂಬಿದ್ದಾನೆ, ಮೇಷ್ಟ್ರ ಮೇಲೆ ಕೋಪವಿಲ್ಲ. ಬಂದವರಿಗೆಲ್ಲ ಕೊಡುವುದನ್ನೇ ಅವನು ಅವರಿಗೂ ತೋರಿಸಿದ: ಎರಡು ಗೋಲ್ಡ್‌ಫಿಶ್, ಒಂದು ಜೊತೆ ಏಂಜಲ್, ನಾಲ್ಕು ಟೈಗರ್ ಬಾರ್ಬ್, ಕಲರ್ ಚೆನ್ನಾಗಿರುತ್ತದೆ. ಶೀನಣ್ಣ ಸಂದರ್ಶನ ಮಾಡಲು ಬಂದ ಅಧಿಕಾರಿಯಂತೆ ಪ್ರತಿ ಗಾಜಿನ ಮುಂದೆ ಕಾಲು ಗಂಟೆ ಕೂತರು.

ಟೈಗರ್ ಬಾರ್ಬ್ ಪಕ್ಕದವರ ರೆಕ್ಕೆ ಕಚ್ಚಿ ಓಡುತ್ತಿತ್ತು. ಶಾಲೆಯ ಡ್ರಿಲ್ ಮಾಸ್ತರು ಹೀಗೆಯೇ ಹಿಂದಿನಿಂದ ಬಂದು ಪಂಡಿತರ ಶಲ್ಯ ಎಳೆಯುತ್ತಿದ್ದರು, ಅವರನ್ನು ಬಯಲಿನಲ್ಲೇ ಇಡಬೇಕಾಗಿತ್ತು. ಗೋಲ್ಡ್‌ಫಿಶ್ಶಿಗೆ ತಣ್ಣನೆಯ ನೀರು ಬೇಕು, ಇಡೀ ದಿನ ತಿನ್ನಬೇಕು, ತಿಂದದ್ದಕ್ಕಿಂತ ಜಾಸ್ತಿ ಗಲೀಜು ಮಾಡಬೇಕು. ಅಂಥವರೊಬ್ಬರು ಸಮಾಜ ವಿಜ್ಞಾನದಲ್ಲಿದ್ದರು. ಏಂಜಲ್ ನೋಡಲು ಸಾಧು, ಆದರೆ ಬಾಯಿಗೆ ಹಿಡಿಸುವ ಗಾತ್ರದವರ ಜೊತೆ ಅದನ್ನು ಬಿಡುವಂತಿಲ್ಲ. ಇದು ಯಾರನ್ನು ಹೋಲುತ್ತದೆಂದು ಶೀನಣ್ಣ ಹೇಳಲಿಲ್ಲ, ಆ ಮನುಷ್ಯ ಈಗಲೂ ಗಾಂಧಿ ಬಜಾರಿನಲ್ಲಿ ಸಿಗುತ್ತಾರೆ.

ಕೊನೆಗೆ ಆಯ್ಕೆ ಪಟ್ಟಿ ಸಿದ್ಧವಾಯಿತು. ನೀರಿನ ಮೇಲುಭಾಗಕ್ಕೆ ಐದು ಗಪ್ಪಿ, ಎಲ್ಲವೂ ಗಂಡು, ಇಲ್ಲದಿದ್ದರೆ ತಿಂಗಳಲ್ಲಿ ಅಡ್ಮಿಷನ್ ಕೈಮೀರುತ್ತದೆ. ನಡುಭಾಗಕ್ಕೆ ಹನ್ನೆರಡು ನಿಯಾನ್ ಟೆಟ್ರಾ, ಏಕೆಂದರೆ ಅವು ಗುಂಪಿನಲ್ಲಿದ್ದರೆ ಮಾತ್ರ ಧೈರ್ಯವಾಗಿರುವ ಜಾತಿ. ತಳಕ್ಕೆ ಆರು ಕೋರಿಡೋರಸ್, ಮೀಸೆ ಹೊತ್ತು ಮರಳು ಕೆದಕುತ್ತ ಯಾರ ತಂಟೆಗೂ ಹೋಗದ ಲೈಬ್ರರಿಯನ್‌ಗಳು. ಮತ್ತು ಒಂದು, ಒಂದೇ ಒಂದು, ಡ್ವಾರ್ಫ್ ಗೌರಾಮಿ. ನೀಲಿ ಮೈಗೆ ಕೆಂಪು ಪಟ್ಟಿಗಳು, ಒಳ್ಳೆಯ ಅಂಚಿನ ಸೀರೆಯ ಹಾಗೆ. ಇನ್ನೊಂದು ಗಂಡು ಹಾಕಿದರೆ ಎರಡೂ ಕಾದಾಡಿ ಒಂದೇ ಉಳಿಯುತ್ತದೆ ಎಂದು ಚಲುವರಾಜು ಹೇಳಿದ. ಅದು ತನಗೆ ಗೊತ್ತು, ಒಂದು ಶಾಲೆಗೆ ಒಬ್ಬರೇ ಹೆಡ್‌ಮಾಸ್ಟರು ಎಂದು ಶೀನಣ್ಣ ಹೇಳಿದರು.

ಪಾಚಿ ತಿಂದು ಗಾಜು ಸ್ವಚ್ಛವಾಗಿಡಲು ಮೂರು ಬಸವನಹುಳು, ಹನ್ನೆರಡು ಕೆಂಪು ಸೀಗಡಿ. ಉಗುರಿನಷ್ಟುದ್ದದವು, ಸಾಕುವ ಜಾತಿಯವು. ಆದರೂ ಸೀಗಡಿ ಎಂಬ ಮಾತು ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಇನ್ನೊಂದು ಸಲ ಆ ಹೆಸರು ಜೋರಾಗಿ ಹೇಳಿದರೆ, ಪಕ್ಕದ ಮನೆಯವರು ಏನು ತಿಳಿದುಕೊಳ್ಳುತ್ತಾರೋ ಅದಕ್ಕೆ ತಾನು ಜವಾಬ್ದಾರಳಲ್ಲ ಎಂದು ಆಂಡಾಳ್ ಹೇಳಿದರು. ಅಂದಿನಿಂದ ಅವು ಡಿ ಗ್ರೂಪ್ ನೌಕರರಾದವು.

ಶೀನಣ್ಣ ಅವಸರ ಮಾಡಲಿಲ್ಲ. ತೊಟ್ಟಿಗೆ ನೀರು ತುಂಬಿ ಗಿಡ ನೆಟ್ಟು, ಮೀನೇ ಇಲ್ಲದೆ ಒಂದು ತಿಂಗಳು ಫಿಲ್ಟರ್ ಓಡಿಸಿದರು. ನೀರು ಪಳಗುವ ತನಕ ಯಾರನ್ನೂ ಬಿಡಬಾರದು. ಖಾಲಿ ನೀರನ್ನು ದಿನವೂ ನೋಡುತ್ತ ಕೂರುವ ಗಂಡನನ್ನು ಆಂಡಾಳ್ ಯಾರಿಗೂ ವಿವರಿಸಲು ಹೋಗಲಿಲ್ಲ. ಆಮೇಲೆ ಒಂದೊಂದೇ ಬಳಗ, ವಾರಕ್ಕೊಂದರಂತೆ. ಎಲ್ಲರಿಗಿಂತ ಕೊನೆಗೆ ಗೌರಾಮಿ, ಹೆಡ್‌ಮಾಸ್ಟರು ಬರುವ ಹೊತ್ತಿಗೆ ಸ್ಟಾಫ್ ಕೂತಿರಬೇಕು. ತೊಟ್ಟಿಯ ಪಕ್ಕದ ಗೋಡೆಗೆ ಬಣ್ಣಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದ ಟೈಮ್‌ಟೇಬಲ್ ಅಂಟಿತು: ಯಾರ ಜಾಗ ಯಾವುದು, ಯಾರಿಗೆ ಯಾವ ಆಹಾರ ಯಾವ ಹೊತ್ತಿಗೆ, ಏಕಾದಶಿಗೆ ಎಲ್ಲರಿಗೂ ಉಪವಾಸ, ಭಾನುವಾರ ನೀರು ಬದಲು. ಕೆಳಗೆ ಸಹಿ, ದಿನಾಂಕ.

ಭಾನುವಾರದ ನೀರಿನ ಬಗ್ಗೆ ಚಲುವರಾಜು ಹೇಳಿದ್ದು ಇಷ್ಟೇ: ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಒಂದೆರಡು ದಿನ ಬಕೆಟ್ಟಿನಲ್ಲಿ ಹಿಡಿದಿಟ್ಟು ಆಮೇಲೆ ಹಾಕಿ. ಶೀನಣ್ಣನವರಿಗೆ ಬಕೆಟ್ಟು ಸರಿ ಕಾಣಲಿಲ್ಲ. ಕಾವೇರಿ ನೀರು, ಅದನ್ನು ಪ್ಲಾಸ್ಟಿಕ್ಕಿನಲ್ಲಿ ಹಿಡಿದಿಡುವುದೆಂದರೇನು. ಅವರ ತಾಯಿ ತೊಂಬತ್ತೊಂದು ವರ್ಷ ಬದುಕಿದ್ದು ತಾಮ್ರದ ಹಂಡೆಯ ನೀರು ಕುಡಿದು. ಶುಕ್ರವಾರ ಆಂಡಾಳ್ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುವಾಗ, ಒಳಗೂ ಸ್ವಲ್ಪ ಚೆನ್ನಾಗಿ ತಿಕ್ಕು ಎಂದು ಹೇಳಿ, ಅದರಲ್ಲಿ ನೀರು ತುಂಬಿಸಿ, ಎರಡು ರಾತ್ರಿ ಬಿಟ್ಟು ಭಾನುವಾರ ತಂಬಿಗೆಯಲ್ಲಿ ತೆಗೆದು ತೆಗೆದು ತೊಟ್ಟಿಗೆ ಸುರಿದರು. ಮನೆಯವರಿಗೆ ಏನೋ ಅದೇ ಮೀನಿಗೂ.

ಆಗಸ್ಟ್ ತಿಂಗಳು ಪೂರ್ತಿ ತೊಟ್ಟಿ ಅವರ ಮಾತು ನಡೆಸಿಕೊಟ್ಟಿತು. ಟೆಟ್ರಾಗಳು ಒಟ್ಟಿಗೆ ತಿರುಗಿದಾಗ ಹಜಾರದಲ್ಲಿ ಯಾರೋ ನೀಲಿ ದೀಪ ಹಾಕಿ ಆರಿಸಿದಂತಾಗುತ್ತಿತ್ತು. ಆಂಡಾಳ್ ಕೂಡ ಕಾಫಿ ಲೋಟ ಹಿಡಿದು ಅಲ್ಲೇ ನಿಲ್ಲತೊಡಗಿದ್ದರು, ನಿಂತದ್ದು ನೆನಪಾದ ತಕ್ಷಣ ಹೋಗಿಬಿಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಡಿ ಗ್ರೂಪ್ ಕಡಿಮೆಯಾಗತೊಡಗಿತು. ಮೊದಲು ಹನ್ನೊಂದು ಕಂಡವು. ಮರುವಾರ ಒಂಬತ್ತು. ಒಂದರ ಅರ್ಧ ದೇಹ ಗಿಡದ ಬುಡದಲ್ಲಿ ಸಿಕ್ಕಿತು. ಬಸವನಹುಳುಗಳು ಚಿಪ್ಪಿನೊಳಗೆ ಸೇರಿಕೊಂಡು ಹೊರಗೆ ಬರಲೇ ಇಲ್ಲ. ಶೀನಣ್ಣ ಹಳೆಯ ಹಾಜರಿ ಪುಸ್ತಕ ತೆಗೆದು ದಿನಾಂಕ ಹಾಕಿ ಬರೆದಿಟ್ಟರು, ಬರೆದು ಆಂಡಾಳರಿಗೆ ತೋರಿಸಲಿಲ್ಲ. ಆಂಡಾಳ್ ದೂರದಿಂದಲೇ ಎಣಿಸುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ವಾದಿರಾಜ ಬಂದ. ಅವನು ಶೀನಣ್ಣನವರ ಹಳೆಯ ಸಹೋದ್ಯೋಗಿ, ಸಂಸ್ಕೃತ ಪಂಡಿತ, ಶಲ್ಯ ಎಳೆಸಿಕೊಂಡವನು ಇವನೇ. ಹತ್ತೊಂಬತ್ತು ವರ್ಷ ಶನಿವಾರದ ಕೊನೆಯ ಪೀರಿಯಡ್ಡು ತನಗೇ ಬಿದ್ದದ್ದನ್ನು ಅವನು ಕ್ಷಮಿಸಿದ್ದ, ಮರೆತಿರಲಿಲ್ಲ. ಅವನು ತೊಟ್ಟಿಯೊಳಗೆ ಇಣುಕಿದ ಹೊತ್ತಿಗೆ ಸರಿಯಾಗಿ ಗೌರಾಮಿ ಗಿಡದ ಹಿಂದಿನಿಂದ ಹೊರಬಂತು. ಬಾಯಿಯಲ್ಲಿ ಸಣ್ಣ ಕೆಂಪು ಕಾಲು.

"ಶೀನಾ, ನಿನ್ನ ಹೆಡ್‌ಮಾಸ್ಟ್ರು ಜವಾನರನ್ನ ತಿಂತಿದಾನೆ ಕಣೋ," ಎಂದ ವಾದಿರಾಜ. ದನಿಯಲ್ಲಿ ಹತ್ತೊಂಬತ್ತು ವರ್ಷದ ಶನಿವಾರಗಳ ತೃಪ್ತಿಯಿತ್ತು. "ಮುಖ ನೋಡಿದ್ರೆ ಗೊತ್ತಾಗತ್ತೆ. ಸೆಲೆಕ್ಷನ್ನೇ ತಪ್ಪು."

ಆಂಡಾಳ್ ಬಾಗಿಲಲ್ಲಿದ್ದರು. ತಿಂದರೆ ಅದು ಅವುಗಳ ಕರ್ಮ ಎಂಬುದು ಕರಾರಿನಲ್ಲೇ ಇತ್ತು, ಆದ್ದರಿಂದ ತಿರುಗಿ ಒಳಗೆ ಹೋದರು. ಮೂಲೆ ಅಲ್ಲಿಗೆ ಉಳಿಯಿತು. ಶೀನಣ್ಣ ಸಮಾಧಾನಪಡಬೇಕಾಗಿತ್ತು. ಅವರ ತಲೆಯಲ್ಲಿ ಓಡಾಡುತ್ತಿದ್ದದ್ದು ಸೆಲೆಕ್ಷನ್ನೇ ತಪ್ಪು ಎಂಬ ಮಾತು.

ವಿಚಾರಣೆ ಮುಗಿಯುವವರೆಗೆ ಗೌರಾಮಿಯನ್ನು ಅಮಾನತಿನಲ್ಲಿಡಲಾಯಿತು. ಅದು ಆಗಾಗ ಮೇಲೆ ಬಂದು ಗಾಳಿ ನುಂಗುವ ಮೀನು, ಬಕೆಟ್ಟಿನಲ್ಲೂ ಇರಬಲ್ಲದು. ವರಾಂಡದಲ್ಲಿ ಗಿಡಗಳಿಗೆಂದು ಒಂದು ದಿನದಿಂದ ಹಿಡಿದಿಟ್ಟಿದ್ದ ಪ್ಲಾಸ್ಟಿಕ್ ಬಕೆಟ್ಟಿನ ನೀರೇ ಅದಕ್ಕೆ ಸಾಕಾಯಿತು. ಆರೋಪಿಗೆ ಹಂಡೆಯ ನೀರು ಕೊಡಲು ಶೀನಣ್ಣನವರಿಗೆ ಮನಸ್ಸಾಗಲಿಲ್ಲ. ಆದರೂ ಹಳೆಯ ಋಣಕ್ಕೆ, ಅವಿತುಕೊಳ್ಳಲಿ ಎಂದು ತೊಟ್ಟಿಯಿಂದ ಒಂದು ಹಿಡಿ ಪಾಚಿಗಿಡ ಕಿತ್ತು ಹಾಕಿದರು. ಹಾರದಿರಲಿ ಎಂದು ಮೇಲೆ ಆಂಡಾಳರ ಅಕ್ಕಿ ಜರಡಿ ಮುಚ್ಚಿದರು. ಆ ಜರಡಿ ಮತ್ತೆ ಅಡುಗೆಮನೆಗೆ ಬರಕೂಡದು, ಹೊಸದು ಬಳೇಪೇಟೆಯಿಂದ ನೀವೇ ತರಬೇಕು ಎಂದು ಒಳಗಿನಿಂದ ಆಜ್ಞೆಯಾಯಿತು.

ಮುಂದಿನ ಭಾನುವಾರ ಎಂದಿನಂತೆ ಹಂಡೆಯ ನೀರು ತೊಟ್ಟಿಗೆ ಬಿತ್ತು. ಸೋಮವಾರ ಎರಡು ಸೀಗಡಿ ಸತ್ತು ಬಿದ್ದಿದ್ದವು. ಗೌರಾಮಿ ತೊಟ್ಟಿಯಲ್ಲಿ ಇರಲೇ ಇಲ್ಲ.

ಶೀನಣ್ಣ ವರಾಂಡಕ್ಕೆ ಬಂದು ಜರಡಿ ಎತ್ತಿದರು. ಗೌರಾಮಿ ಮೇಲೆ ಬಂದು ಗಾಳಿ ನುಂಗಿ, ಹಳೆಯ ಹೆಡ್‌ಮಾಸ್ಟರರ ಹಾಗೆ ಯಾರನ್ನೂ ನೋಡದೆ ಹೋಯಿತು. ಅದರ ಹಿಂದೆ ಪಾಚಿಗಿಡದ ಒಂದು ಎಳೆಯ ಮೇಲೆ ಕೆಂಪು ಸೀಗಡಿಯೊಂದು ಕೂತು, ಹತ್ತು ಕೈಗಳಲ್ಲಿ ಎಲೆ ಒರೆಸುತ್ತಿತ್ತು. ಇನ್ನೊಂದು ಬಕೆಟ್ಟಿನ ಗೋಡೆಯ ಮೇಲಿತ್ತು. ಕಿತ್ತು ಹಾಕಿದ ಗಿಡದಲ್ಲಿ ಅವಿತು ಬಂದವು. ಏಳು ದಿನ ಅವು ಕೊಲೆ ಆರೋಪಿಯ ಜೊತೆ ಒಂದೇ ಕೋಣೆಯಲ್ಲಿದ್ದು ದುಂಡಗಾಗಿದ್ದವು.

ಅವರು ಹಾಜರಿ ಪುಸ್ತಕ ತೆಗೆದರು. ಟೈಮ್‌ಟೇಬಲ್ ಹಾಕಿದವನ ಕಣ್ಣು ಸಾಲು ಓದುವುದಿಲ್ಲ, ಕಾಲಂ ಓದುತ್ತದೆ. ಸತ್ತದ್ದೆಲ್ಲ ಸೋಮವಾರ, ಮಂಗಳವಾರ. ಬುಧವಾರದಿಂದ ಶನಿವಾರದವರೆಗೆ ಒಂದೂ ಇಲ್ಲ.

ಚಲುವರಾಜುಗೆ ಫೋನು ಮಾಡಿ, ವಿಷಯ ಹೇಳದೆ, ಸೀಗಡಿಗೆ ಆಗದೇ ಇರುವುದು ಏನೇನು ಎಂದು ಕೇಳಿದರು. ಹೆಸರು ಜೋರಾಗಿಯೇ ಬಂತು, ಪಕ್ಕದ ಮನೆಯವರ ನೆನಪಾಗಲಿಲ್ಲ.

"ಮೊದಲ್ನೇದು ತಾಮ್ರ ಸಾರ್," ಎಂದ ಚಲುವರಾಜು. "ಮೀನು ತಡ್ಕೊಳತ್ತೆ, ಸೀಗಡಿ, ಬಸವನಹುಳು ತಡ್ಕೊಳಲ್ಲ. ಕೆಲವು ಔಷಧೀಲಿ ತಾಮ್ರ ಇರತ್ತೆ, ಅದು ಹಾಕೋ ಮುಂಚೆ ನಾವು ಇವನ್ನ ತೆಗೆದಿಡ್ತೀವಿ. ಹುಳಿ ಬಿದ್ರಂತೂ ತಾಮ್ರ ಇನ್ನೂ ಜಾಸ್ತಿ ಬಿಡತ್ತೆ. ಅದ್ಬಿಡಿ, ಮನೆ ತೊಟ್ಟಿಗೆ ತಾಮ್ರ ಎಲ್ಲಿಂದ ಬರತ್ತೆ?"

ಹುಳಿ ಅಂದರೆ ಹುಣಸೆಹಣ್ಣೂ ಸೇರುತ್ತದೆಯೇ ಎಂದು ಶೀನಣ್ಣ ಕೇಳಿದರು. ಚಲುವರಾಜು ಸಿ ಸೆಕ್ಷನ್ನಿನವನಾದರೂ ದಡ್ಡನಲ್ಲ.

"ಸಾರ್," ಎಂದ, "ನೀರು ಯಾವುದ್ರಲ್ಲಿ ಹಿಡ್ದಿಡ್ತೀರಾ?"

ಆಮೇಲೆ ಮಾಡುತ್ತೇನೆ ಎಂದು ಶೀನಣ್ಣ ಫೋನಿಟ್ಟರು. ಹಂಡೆ ಊಟದ ಮನೆಯ ಕಟ್ಟೆಯ ಮೇಲೆ ಕೂತು, ಹುಣಸೆಹಣ್ಣಿನ ಹೊಳಪಿನಲ್ಲಿ, ಏನೂ ಆಗಿಲ್ಲವೆಂಬಂತೆ ಬೆಳಗುತ್ತಿತ್ತು.

ಈಗ ದಾರಿ ಎರಡಿದ್ದವು, ಎರಡೂ ಅವರಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಮೊದಲನೆಯದು, ಏನೂ ಹೇಳದೆ ಇದ್ದುಬಿಡುವುದು. ಆಂಡಾಳರ ಲೆಕ್ಕದಲ್ಲಿ ತಿಂದದ್ದು ಗೌರಾಮಿ, ಸಾಕ್ಷಿಗೆ ಒಬ್ಬ ಸಂಸ್ಕೃತ ಪಂಡಿತ ಇದ್ದಾನೆ. ಗೌರಾಮಿಯನ್ನು ಅಂಗಡಿಗೆ ಕೊಟ್ಟು, ಮುಂದಿನ ಭಾನುವಾರದಿಂದ ಬಕೆಟ್ಟಿನ ನೀರು ಹಾಕಿದರೆ ಮುಗಿಯಿತು. ಮೂಲೆ ಉಳಿಯುತ್ತದೆ, ತೊಟ್ಟಿ ಉಳಿಯುತ್ತದೆ. ಎರಡನೆಯದು, ನಿಜ ಹೇಳುವುದು. ಆಗ ಕೈ ಅವರದೇ, ಹೋದ ಜೀವಗಳು, ಮೂರು ಬಸವನಹುಳು ಸೇರಿ, ಎಂಟು, ಕರಾರಿನ ಪ್ರಕಾರ ತೊಟ್ಟಿ ವಾಪಸ್ಸು.

ಯಾರಾದರೂ ಮೊದಲನೆಯದನ್ನೇ ಆರಿಸುತ್ತಿದ್ದರು. ಶೀನಣ್ಣ ಆರಿಸದೇ ಇದ್ದದ್ದಕ್ಕೆ ಕಾರಣ ಸತ್ಯದ ಮೇಲಿನ ಪ್ರೀತಿ ಎಂದರೆ ಅವರ ಮೇಲೆ ಇಲ್ಲದ ಗುಣ ಹೊರಿಸಿದಂತಾಗುತ್ತದೆ. ಗೌರಾಮಿ ತಪ್ಪಿತಸ್ಥನಾದರೆ ಟೈಮ್‌ಟೇಬಲ್ ತಪ್ಪಾಯಿತು. ಜೊತೆಗೆ ಇರಲಾರದವನನ್ನು ಜೊತೆಗೆ ಹಾಕಿದ್ದು ಎಂದಾಯಿತು, ವಾದಿರಾಜ ಹೇಳಿದ್ದು ಸರಿ ಎಂದಾಯಿತು, ಸಾಯುವವರೆಗೆ ಪ್ರತಿ ಸೋಮವಾರ ಬಂದು ಅವನು ಅದನ್ನು ಹೇಳುತ್ತಾನೆ ಎಂದಾಯಿತು. ತೊಟ್ಟಿ ಹೋದರೆ ತಡೆದುಕೊಳ್ಳಬಹುದಿತ್ತು.

ಆಂಡಾಳ್ ರೂಮಿನಲ್ಲಿ ಟ್ರಂಕು ತೆಗೆದು ಬೊಂಬೆಗಳ ಸುತ್ತಿನ ಪೇಪರು ಬಿಚ್ಚುತ್ತಿದ್ದರು. ಪಟ್ಟದ ಬೊಂಬೆಗಳು, ರಾಜ ರಾಣಿ, ಮಂಚದ ಮೇಲೆ ಮಲಗಿದ್ದವು, ಈ ವರ್ಷ ಎಲ್ಲಿ ನಿಲ್ಲುವುದೆಂದು ಅವಕ್ಕೂ ಗೊತ್ತಿರಲಿಲ್ಲ. ಶೀನಣ್ಣ ಬಾಗಿಲಲ್ಲಿ ನಿಂತು, ಹಾಜರಿ ಪುಸ್ತಕ ಹಿಡಿದು, ಸ್ಟಾಫ್ ಮೀಟಿಂಗಿನ ದನಿಯಲ್ಲಿ ಪೂರ್ತಿ ವರದಿ ಒಪ್ಪಿಸಿದರು. ಸೋಮವಾರಗಳ ವಿಷಯ, ಬಕೆಟ್ಟಿನ ಸೀಗಡಿಗಳ ವಿಷಯ, ತಾಮ್ರ, ಹುಣಸೆಹಣ್ಣು. ಗೌರಾಮಿ ತಿಂದದ್ದು ಸತ್ತದ್ದನ್ನು, ಕೊಂದದ್ದು ಹಂಡೆಯ ನೀರು, ಹಂಡೆಯ ನೀರು ಹಾಕಿದ್ದು ತಾನು. ಸಿಬ್ಬಂದಿಯ ಆಯ್ಕೆಯಲ್ಲಿ ಯಾವ ದೋಷವೂ ಇಲ್ಲ, ಇದನ್ನು ದಾಖಲೆಯಲ್ಲಿಡಬೇಕು.

ಆಂಡಾಳ್ ರಾಣಿಯ ಮೂಗಿನ ಧೂಳನ್ನು ಸೆರಗಿನಿಂದ ಒರೆಸಿದರು.

"ಗೌರಾಮಿ ಮೇಲೆ ಹಾಕಿದ್ರೆ ನಾನೇನೂ ಕೇಳ್ತಿರಲಿಲ್ಲ," ಎಂದರು.

"ಗೊತ್ತು. ಅವನು ಸರಿಯಾಗೇ ಇದಾನೆ. ಎಲ್ಲರ ಜೊತೆ ಹೊಂದ್ಕೊಂಡು ಇದಾನೆ."

ಈ ದನಿಯಲ್ಲಿ ಸುಳ್ಳಿರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಮೂವತ್ತನಾಲ್ಕು ವರ್ಷಗಳಲ್ಲಿ ಗಂಡ ತಪ್ಪು ಒಪ್ಪಿಕೊಂಡದ್ದು ಇದು ಎರಡನೆಯ ಸಲವೋ ಮೂರನೆಯ ಸಲವೋ ಎಂದು ಆಂಡಾಳ್ ಯೋಚಿಸುತ್ತಿರುವಂತೆ ಕಂಡಿತು. ಆಮೇಲೆ ಎದ್ದು ಊಟದ ಮನೆಗೆ ಹೋದರು. ಶೀನಣ್ಣ ಹಿಂದೆಯೇ ಹೋದರು. ಆಂಡಾಳ್ ಹಂಡೆಯನ್ನು ನೋಡಿದರು, ಕಟ್ಟೆಯನ್ನು ನೋಡಿದರು, ಫ್ರಿಜ್ಜಿನ ಪಕ್ಕದ ಪ್ಲಗ್ ನೋಡಿದರು.

"ಮೂಲೆ ನನ್ನದು," ಎಂದರು. "ಕರಾರು ಕರಾರೇ."

"ಹೌದು."

"ಈ ಹಂಡೇನ ಮೂವತ್ತನಾಲ್ಕು ವರ್ಷದಿಂದ ಪ್ರತಿ ಶುಕ್ರವಾರ ತಿಕ್ತಿರೋದು ಯಾರು?"

"ನೀನು."

"ನಿಮ್ಮಮ್ಮನ ಹಂಡೆ ಅಂತ ಒಂದು ಮಾತು ಆಡಿಲ್ಲ. ಈಗ ಅದು ಎಂಟು ಜೀವ ತೆಗೆದಿದೆ ಅಂತ ನೀವೇ ಹೇಳ್ತಿದೀರಿ." ಅವರು ಕೈ ಚಾಚಿ ಹಂಡೆಯ ಕಂಠದ ಮೇಲೆ ಬೆರಳು ಆಡಿಸಿದರು. "ಅಮಾನತು ಮಾಡಿ."

ಶೀನಣ್ಣನವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ತೊಟ್ಟಿಯನ್ನು ಅಂಗಡಿಗೆ ಕೊಡುವುದು ಕರಾರಿನಲ್ಲಿದೆಯಲ್ಲ ಎಂದು, ನಿಯಮ ಗೊತ್ತಿರುವ ಮನುಷ್ಯ, ತಾವಾಗಿಯೇ ನೆನಪಿಸಿದರು. ಊಟ ಮಾಡುವಾಗ ನೋಡಿಕೊಂಡಿರಲು ಏನಾದರೂ ಬೇಕು, ನಿಮ್ಮ ಮುಖ ನೋಡಿ ಸಾಕಾಗಿದೆ ಎಂದು ಆಂಡಾಳ್ ಹೇಳಿ ಬೊಂಬೆಗಳ ಕಡೆ ಹೋದರು.

ಬುಧವಾರ ಚಲುವರಾಜು ಇಬ್ಬರನ್ನು ಕರೆದುಕೊಂಡು ಬಂದು ನೀರು ಬಸಿದು ತೊಟ್ಟಿ ಎತ್ತಿಸಿದ. ಹಂಡೆ ಅಟ್ಟಕ್ಕೆ ಹೋಯಿತು. ತೊಟ್ಟಿ ಕಲ್ಲುಕಟ್ಟೆಯ ಮೇಲೆ ಕೂತಿತು. ಟೈಮ್‌ಟೇಬಲ್ಲನ್ನು ಹಜಾರದ ಗೋಡೆಯಿಂದ ಕಿತ್ತು ಊಟದ ಮನೆಯ ಗೋಡೆಗೆ ಅಂಟಿಸಲಾಯಿತು, ಭಾನುವಾರದ ಕಾಲಂನಲ್ಲಿ ಬಕೆಟ್ ಎಂಬ ಒಂದು ಶಬ್ದ ಸೇರಿತು, ಬೇರೆ ತಿದ್ದುಪಡಿ ಇರಲಿಲ್ಲ. ಆ ನವರಾತ್ರಿಗೆ ಬೊಂಬೆಗಳು ಮೂಲೆಯಲ್ಲೇ ನಿಂತವು. ಗೌರಾಮಿ ಕೆಲಸಕ್ಕೆ ಮರಳಿತು.